ಸಾಬರ ಪ್ಲೇಟಿನ ಪಟ್ಟಿ

ನಮ್ಮನೇಲಿ ಈಗ 71 ಪ್ಲೇಟು ಅದಾವೆ. ಊಟದ್ದಲ್ಲ, ಹಾಡಿನವು. ಏಳಿಂಚು ಅಗಲದ ಕರೀ ಪ್ಲೇಟು, ನಿಮಿಷಕ್ಕೆ 45 ಸುತ್ತು ತಿರುಗೋವು. ನಮ್ಮನೆಯಾಕೆ ಅವನ್ನ ಇಟ್ಕಳಾಕೆ ಅಂತ ಸ್ಟೀಲ್ ಬೀರುವಿನ ಒಂದು ಖಾನೆ ಬಿಟ್ಟುಕೊಟ್ಟಾಳೆ, ರೇಷ್ಮೆ ಸೀರೆ ಖಾನೆಯ ಕೆಳಗಿಂದು. "112 ಆಗೋ ಹೊತ್ತಿಗೆ ನನ್ನ ಸೀರೆ ಎಲ್ಲಿಗೆ ಹೋಗ್ಬೇಕು?" ಅಂತ ಆಗಾಗ ಕೇಳ್ತಾಳೆ. 112ಕ್ಕೆ ನಿಲ್ಲಿಸ್ತೀನಿ ಅಂತ ಅವಳಿಗೆ ಗೊತ್ತು. ಯಾಕಂದ್ರೆ ನಾನು ಕೂಡಿಸ್ತಿರೋದು ನನಗೆ ಇಷ್ಟವಾದ ಪ್ಲೇಟುಗಳನ್ನಲ್ಲ, ಒಂದು ಪಟ್ಟಿಯಲ್ಲಿ ಬರೆದಿರೋವನ್ನ. ಆ ಪಟ್ಟಿ 112ಕ್ಕೆ ಮುಗಿಯುತ್ತೆ.

ಪಟ್ಟಿ ನಂದಲ್ಲ. ನಾನು ಹುಡುಗ ಇದ್ದಾಗ ನಮ್ಮ ಕಡೆ ಮೈಕ್‌ಸೆಟ್ ಬಾಡಿಗೆಗೆ ತರ್ತಿದ್ದ ಸಾಬರದ್ದು. ಹೆಸರು ಬರೆಯಲ್ಲ, ಅವರ ಮನೆಯೋರು ಬ್ಯಾಡ ಅಂದಾರೆ. ನಮಗೂ ಹೆಸರು ಹಿಡಿದು ಕರೆದು ಗೊತ್ತಿಲ್ಲ, 'ಮೈಕ್‌ಸೆಟ್ ಸಾಬರು' ಅಂದ್ರೆ ಮುಗೀತು. ಉಬ್ರಾಣಿ ಹೋಬಳಿ, ಚನ್ನಗಿರಿ ತಾಲ್ಲೂಕು, ಆವಾಗ ಶಿವಮೊಗ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದ್ಮೇಲೆ ನಾವು ಆ ಕಡೆ ಸೇರಿದ್ದು. ಅಷ್ಟು ಹೊತ್ತಿಗೆ ಈ ಕಥೆ ಮುಗಿದು ಹತ್ತು ವರ್ಷದ ಮೇಲಾಗಿತ್ತು.

ಈಗಿನ ಹುಡುಗರಿಗೆ ಮೈಕ್‌ಸೆಟ್ ಅಂದ್ರೆ ಏನಂತ ಹೇಳಬೇಕಾಗುತ್ತೆ. ಮದುವೆ ಹಿಂದಿನ ದಿನ ಮಧ್ಯಾಹ್ನ ಸಾಬರು ಸೈಕಲ್ಲಿನಾಗೆ ಬರೋರು. ಕ್ಯಾರಿಯರ್ ಮೇಲೆ ತಗಡಿನ ಟ್ರಂಕು, ಟ್ರಂಕಿನ ಮೇಲೆ ಆಂಪ್ಲಿಫೈಯರು. ಹಿಂದಿಂದೆ ಅವರ ತಮ್ಮ ಎತ್ತಿನ ಗಾಡಿಯಾಗೆ ಎರಡು ಹಾರ್ನು, ಕಾರಿನ ಬ್ಯಾಟರಿ, ವೈರಿನ ಸುರುಳಿ ಹಾಕ್ಕೊಂಡು ಬರೋನು. ಹಾರ್ನು ಅಂದ್ರೆ ದತ್ತೂರಿ ಹೂವಿನಂಗೆ ಬಾಯಿ ತೆರೆದಿರೋ ಲೌಡ್‌ಸ್ಪೀಕರು. ಒಂದನ್ನ ಹುಣಸೆ ಮರಕ್ಕೆ, ಇನ್ನೊಂದನ್ನ ತೆಂಗಿನ ಮರಕ್ಕೆ ಕಟ್ಟೋರು. ಯಾವ ಕಡೆ ಮುಖ ಮಾಡ್ಬೇಕು ಅನ್ನೋದಕ್ಕೇ ಮದುವೆ ಮನೆ ಗಂಡಸರು ಅರ್ಧ ಗಂಟೆ ಜಗಳ ಆಡೋರು. ಒಂದಂತೂ ಗಂಡಿನ ಊರಿನ ದಾರಿ ಕಡೆಗೇ ಇರ್ಬೇಕು, ದಿಬ್ಬಣದೋರಿಗೆ ದೂರದಿಂದಲೇ ಕೇಳ್ಬೇಕಲ್ಲ. ಇನ್ನೊಂದು ಊರೊಳಕ್ಕೆ. ಹಟ್ಟಿ ಕಡೆ ತಿರುಗಿಸಿದ್ದು ನಾನು ನೋಡಿಲ್ಲ. ಆದ್ರೂ ಅವರಿಗೆ ಕೇಳ್ತಿತ್ತು ಬಿಡಿ, ಹಾಡಿಗೆ ಯಾರು ಬೇಲಿ ಹಾಕ್ತಾರೆ.

ಅವರು ಸಾಬರಾದ್ರೂ ಮೊದಲ ಪ್ಲೇಟು ಗಣೇಶಂದೇ. ನಾನು ನೋಡಿದಷ್ಟು ಮದುವೆಯಾಗೆ ಇದು ತಪ್ಪಿಲ್ಲ. ಪ್ಲೇಟನ್ನ ಅಂಗಿಯ ತುದಿಯಿಂದ ಒರೆಸಿ, ಸುತ್ತು ತಿರುಗೋ ತಟ್ಟೆ ಮೇಲೆ ಇಟ್ಟು, ಮುಳ್ಳನ್ನ ಬೆರಳ ತುದಿಯಾಗೆ ಎತ್ತಿ ಇಡೋರು. ಹಾಡು ಶುರುವಾಗೋ ಮೊದಲು ಹಾರ್ನಿನಿಂದ ಕರ ಕರ ಅಂತ ಎಣ್ಣೆಗೆ ಸಾಸಿವೆ ಬಿದ್ದಂಗೆ ಸದ್ದು. ಆ ಸದ್ದಿಗೇ ನಾವು ಶಾಲೆ ಬಿಟ್ಟು ಓಡಿ ಬರ್ತಿದ್ವಿ.

ಈ ಪ್ಲೇಟು ಅನ್ನೋ ವಸ್ತು ನಮ್ಮ ಕಡೆಗೆ ಹೆಂಗೆ ಬಂತು ಅಂತ ನಾನು ಆಮೇಲೆ ಓದಿ ತಿಳ್ಕಂಡೆ. ನಮ್ಮಜ್ಜನ ಕಾಲದ್ದು ಬೇರೆ, ನಿಮಿಷಕ್ಕೆ 78 ಸುತ್ತಿಂದು. ಚಾವಿ ಕೊಟ್ಟು ತಿರುಗಿಸೋ ಗ್ರಾಮಫೋನು, ನಾಯಿ ಮಾರ್ಕು. ನೆಲಕ್ಕೆ ಬಿದ್ರೆ ಹಂಚಿನಂಗೆ ಒಡೆದು ಹೋಗ್ತಿತ್ತು. ಅದನ್ನ ಮಾಡ್ತಿದ್ದದ್ದು ಅರಗಿನಿಂದ. ಮುತ್ತುಗ, ಬೋರೆ ಮರದ ಕೊಂಬೆ ಮೇಲೆ ಸಣ್ಣ ಹುಳ ಕೂತು ಮಾಡೋ ಅಂಟಿಗೆ ಕಲ್ಲಿನ ಪುಡಿ, ಕಾಡಿಗೆ ಮಸಿ ಸೇರಿಸಿ ಬಿಸಿಯಾಗೆ ಒತ್ತೋದು. ಪಾಂಡವರನ್ನ ಸುಡಾಕೆ ಕಟ್ಟಿಸಿದ ಅರಗಿನ ಮನೆ ಐತಲ್ಲ, ಅದೇ ಅರಗು. ಪ್ರಪಂಚದ ಪ್ಲೇಟುಗಳಿಗೆಲ್ಲ ಆ ಅರಗು ಹೆಚ್ಚಾಗಿ ಹೋಗ್ತಿದ್ದದ್ದು ನಮ್ಮ ದೇಶದಿಂದಲೇ. ಹಾಡಿನ ಕಂಪನಿ ಮಾತ್ರ ಲಂಡನ್ನಿಂದು.

ಆ ಕಂಪನಿಯ ಗೈಸ್‌ಬರ್ಗ್ ಅನ್ನೋನು 1902ರಲ್ಲಿ ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡ. ಹಾಡು ಮುಗಿದ ಕೂಡಲೇ ಆಯಮ್ಮ ಇಂಗ್ಲಿಷಿನಾಗೆ ತನ್ನ ಹೆಸರು ಕೂಗಿ ಹೇಳ್ತಾಳೆ. ಯಾಕಂದ್ರೆ ಪ್ಲೇಟು ಒತ್ತೋದು ಜರ್ಮನಿಯ ಹ್ಯಾನೋವರಿನಾಗೆ, ಅಲ್ಲಿಯೋರಿಗೆ ಯಾರ ಹಾಡು ಅಂತ ಗೊತ್ತಾಗಬೇಕಲ್ಲ. ಆಮೇಲೆ 1908ರಲ್ಲಿ ಕಲ್ಕತ್ತಾದಲ್ಲೇ ಕಾರ್ಖಾನೆ ಆಯ್ತು, ಮುಂದೆ ಅದು ಡಮ್‌ಡಮ್‌ಗೆ ಹೋಯ್ತು. ಅಷ್ಟು ದೊಡ್ಡ ಹೆಸರು ಮಾಡಿದ ಆ ಗೌಹರ್ ಜಾನ್ ಕೊನೆಗಾಲಕ್ಕೆ ಬಂದು ಸೇರಿದ್ದು ನಮ್ಮ ಮೈಸೂರಿಗೆ. 1928ರಲ್ಲಿ ಅರಮನೆ ಕಲಾವಿದೆಯಾಗಿ ಬಂದು, 1930ರ ಜನವರಿ 17ಕ್ಕೆ ಅಲ್ಲೇ ತೀರಿಕೊಂಡಳು. ಮೈಸೂರಿಗೆ ಹೋದಾಗೆಲ್ಲ ನನಗೆ ಇದು ನೆನಪಾಗುತ್ತೆ, ಜೊತೆಗಿದ್ದೋರಿಗೆ ಹೇಳ್ತೀನಿ, ಅವರು ಹೂಂ ಅಂದು ಮೈಸೂರ್‌ಪಾಕು ಎಲ್ಲಿ ಚಲೋ ಸಿಗುತ್ತೆ ಅಂತ ಕೇಳ್ತಾರೆ.

78ರ ಪ್ಲೇಟಿನಾಗೆ ಒಂದು ಮಗ್ಗುಲಿಗೆ ಮೂರು ನಿಮಿಷದ ಸುಮಾರು ಹಾಡು, ಅಷ್ಟೆ. ಅಮೆರಿಕಾದಲ್ಲಿ 1948ಕ್ಕೆ ಒಂದು ಕಂಪನಿ ದೊಡ್ಡ ಎಲ್.ಪಿ. ತಂತು, ಮರುವರ್ಷ ಇನ್ನೊಂದು ಕಂಪನಿ ಪೈಪೋಟಿಗೆ 45ರ ಸಣ್ಣ ಪ್ಲೇಟು ತಂತು. ಎರಡೂ ವಿನೈಲಿನವು, ಅಂದ್ರೆ ಪಿ.ವಿ.ಸಿ., ನಮ್ಮ ತೋಟದ ಪೈಪಿನ ಜಾತಿ. ಬಿದ್ರೆ ಒಡೆಯಲ್ಲ. ಕಾದ್ರೆ ಮಾತ್ರ ಸೊಟ್ಟಗಾಗುತ್ತೆ. ಈ ಮಾತು ನೆನಪಿಟ್ಕಳ್ರಿ, ಮುಂದೆ ಬೇಕಾಗುತ್ತೆ. ನಮ್ಮ ದೇಶದಾಗೆ ಸಿನಿಮಾ ಹಾಡಿಗೆ ಈ ಸಣ್ಣ ಪ್ಲೇಟು ಬಾಳ ಒಗ್ಗಿತು. ಒಂದೊಂದು ಮಗ್ಗುಲಿಗೆ ಒಂದೋ ಎರಡೋ ಹಾಡು. ಆರು ಹಾಡಿನ ಸಿನಿಮಾ ಆದ್ರೆ ಎರಡು ಪ್ಲೇಟು ತಗಬೇಕು.

ಸಾಬರ ಪಟ್ಟಿಯಾಗೆ ಅದಕ್ಕೇ ಕೆಲವು ಸಿನಿಮಾ ಹೆಸರು ಎರಡೆರಡು ಸಲ ಅದಾವೆ. 'ಬಂಗಾರದ ಮನುಷ್ಯ' ಹಂಗೆ ಎರಡು ಸಲ ಐತೆ. 1972ರ ಸಿನಿಮಾ, ಜಿ.ಕೆ. ವೆಂಕಟೇಶ್ ಸಂಗೀತ. ಬೇಸಾಯಗಾರನ ಕಥೆ, ನಮ್ಮೂರಿಗೆ ಬಿಟ್ಟು ಇನ್ಯಾರಿಗೆ ಹಿಡಿಸುತ್ತೆ. ಅದೇ ವರ್ಷದ 'ನಾಗರಹಾವು' ಕೂಡ ಐತೆ. ಅದು ಪಕ್ಕದ ಚಿತ್ರದುರ್ಗದ ಕಥೆ, ತ.ರಾ.ಸು. ಬರೆದದ್ದು, ವಿಜಯಭಾಸ್ಕರ್ ಸಂಗೀತ. ಆ ಎರಡು ಸಿನಿಮಾ ಬಂದ ವರ್ಷ ಸಾಬರು ಸಾಲ ಮಾಡಿ ಹೊಸಾ ಆಂಪ್ಲಿಫೈಯರು ತಂದ್ರು ಅಂತ ನಮ್ಮಪ್ಪ ಹೇಳ್ತಿದ್ದ.

ಈಗ ಪಟ್ಟಿ ಹೆಂಗೈತೆ ಅಂತ ಹೇಳ್ತೀನಿ. ಉದ್ದನೆ ಲೆಕ್ಕದ ಪುಸ್ತಕ, ಕೆಂಪು ಬಟ್ಟೆ ರಟ್ಟು. ಒಂದರಿಂದ 112ರವರೆಗೆ ನಂಬರು, ಕನ್ನಡ ಅಂಕಿಯಾಗೆ. ನಂಬರಿನ ಮುಂದೆ ಸಿನಿಮಾ ಹೆಸರು, ಹಾಡಿನ ಮೊದಲ ಪದ, ಹಾಡಿದೋರು. ಹಾಡಿದೋರ ಹೆಸರು ಪೂರ್ತಿ ಇಲ್ಲ, 'ಪಿಬಿ', 'ಜಾನಕಿ', 'ಸುಶೀಲ', 'ಈಶ್ವರಿ' ಅಂತ. ಪ್ಲೇಟಿನ ಮಧ್ಯದ ಚೀಟಿ ಮೇಲೆ ಇರ್ತಿದ್ದದ್ದೆಲ್ಲ ಇಂಗ್ಲಿಷ್ ಅಕ್ಷರ. ಹಾಡು ಕನ್ನಡದ್ದೇ ಆದ್ರೂ ಹೆಸರು ಇಂಗ್ಲಿಷಿನಾಗೆ. ಕಲ್ಕತ್ತಾದಾಗೆ ಒತ್ತಿ ಕಳಿಸೋರಿಗೆ ಉಬ್ರಾಣಿಯ ಮೈಕ್‌ಸೆಟ್ಟಿನೋರು ಹೆಂಗೆ ಓದ್ತಾರೆ ಅನ್ನೋ ಚಿಂತೆ ಎಲ್ಲಿಂದ ಬರಬೇಕು. ಸಾಬರಿಗೆ ಕನ್ನಡ ಬರೆಯಾಕೆ ಬರ್ತಿತ್ತು, ಇಂಗ್ಲಿಷ್ ಬರ್ತಿರಲಿಲ್ಲ. ಹೊಸಾ ಪ್ಲೇಟು ತಂದ ದಿನ ನಮ್ಮ ಶಾಲೆ ಮೇಷ್ಟ್ರ ಹತ್ರ ಓದಿಸ್ಕಂಡು, ಪುಸ್ತಕದಾಗೆ ಬರ್ಕಂಡು, ಚೀಟಿ ಮೇಲೆ ಹಳದಿ ಎನಾಮಲ್ ಬಣ್ಣದಾಗೆ ನಂಬರು ಬರೆಯೋರು. ಆಮೇಲೆ ಕತ್ತಲಾಗೂ ಕೈಗೆ ಸಿಗ್ತಿತ್ತು.

ಕೊನೇ ಕಾಲಮ್ಮಿನಾಗೆ ಒಂದೊಂದು ಅಕ್ಷರ. 'ದೇ' ಅಂದ್ರೆ ದೇವರದು, 'ಮ' ಅಂದ್ರೆ ಮದುವೆಗೆ, 'ನಾ' ಅಂದ್ರೆ ನಾಟಕದ ದಿನ ಪರದೆ ಏಳೋ ಮೊದಲು ಹಾಕೋದು. ಕೆಲವಕ್ಕೆ ಅಡ್ಡ ಗೀಟು. ಅದೇನು ಅಂತ ನನಗೆ ಬಾಳ ದಿನ ಗೊತ್ತಾಗಲಿಲ್ಲ. ಆಮೇಲೆ ನೋಡಿದ್ರೆ 'ಶರಪಂಜರ'ದ ಮುಂದೆ ಐತೆ, 'ಗೆಜ್ಜೆಪೂಜೆ'ಯ ಒಂದು ಪ್ಲೇಟಿನ ಮುಂದೆ ಐತೆ. ಎರಡೂ ಪುಟ್ಟಣ್ಣ ಕಣಗಾಲ್ ಸಿನಿಮಾ, ಎರಡೂ ಹೆಣ್ಣಿನ ಬಾಳು ಹಾಳಾಗೋ ಕಥೆ. ಹಾಡು ಎಷ್ಟು ಚಂದ ಇದ್ರೂ ಮದುವೆ ಮನೇಲಿ ಹಾಕಂಗಿಲ್ಲ ಅಂತ. ಯಾರೋ ಒಬ್ಬ ಮುದುಕಿ ಬೈದಿರ್ಬೇಕು, ಮರೆಯದಂಗೆ ಗೀಟು ಹಾಕ್ಕಂಡಾರೆ.

ಪಟ್ಟಿ ಕೊಂಡ ಕ್ರಮದಾಗೆ ಐತೆ, ಹಂಗಾಗಿ ಮೇಲಿಂದ ಓದ್ತಾ ಬಂದ್ರೆ ನಮ್ಮೂರ ಕಿವಿ ಹೆಂಗೆ ಬದಲಾಯ್ತು ಅಂತ ಕಾಣುತ್ತೆ. ಮೊದಲ ಮೂರು ಪುಟ ರಾಜ್‌ಕುಮಾರ್ ಸಿನಿಮಾ ಅಂದ್ರೆ 'ಪಿಬಿ', ಪಿ.ಬಿ. ಶ್ರೀನಿವಾಸ್. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು. ಅಲ್ಲಿಂದ ಹಾಡಿದೋರ ಜಾಗದಾಗೆ 'ರಾಜ್' ಅಂತ ಶುರುವಾಗುತ್ತೆ, ಆಮೇಲೆ 'ಪಿಬಿ' ಕಮ್ಮಿ ಆಗ್ತಾ ಹೋಗಿ ಒಂದು ಪುಟದಾಗೆ ಇಲ್ಲವೇ ಇಲ್ಲ. ಯಾವ ಸಿನಿಮಾ ಚರಿತ್ರೆ ಪುಸ್ತಕದಾಗೂ ಇದು ಬರೆದಿರುತ್ತೆ, ಆದ್ರೆ ಒಬ್ಬ ಬಾಡಿಗೆ ಮೈಕಿನೋರು ಕಾಸು ಎಣಿಸಿ ಕೊಂಡ ಪ್ಲೇಟಿನಾಗೆ ಅದು ಕಂಡಾಗ ನನಗೆ ಮೈ ಜುಮ್ ಅಂತು.

ಪಟ್ಟಿಯಾಗೆ ಇಲ್ಲದ ಒಂದು ಪ್ಲೇಟಿನ ಮಾತೂ ಹೇಳ್ಬೇಕು, ಅದೇ ನನಗೆ ಎಲ್ಲಕ್ಕಿಂತ ಇಷ್ಟ. ಅದು ಇಂಗ್ಲಿಷ್ ಓದಿ ಹೇಳ್ತಿದ್ದ ಆ ಮೇಷ್ಟ್ರದು. ಪಿ. ಕಾಳಿಂಗರಾಯರ ಪ್ಲೇಟು. ಸಿನಿಮಾದ್ದಲ್ಲ, ಕವಿಗಳು ಬರೆದ ಪದ. ಕಾಳಿಂಗರಾಯರು ನಾಟಕ ಕಂಪನಿಯಿಂದ ಬಂದೋರು, ಮೋಹನಕುಮಾರಿ, ಸೋಹನಕುಮಾರಿ ಅನ್ನೋರ ಜೊತೆ ಊರೂರು ತಿರುಗಿ ಕುವೆಂಪು, ಬೇಂದ್ರೆ, ರಾಜರತ್ನಂ ಅವರ ಪದಗಳನ್ನ, ಜನಪದ ಹಾಡನ್ನ ಜನರ ಬಾಯಿಗೆ ಹಾಕಿದೋರು. ಸಿನಿಮಾ ಹಾಡಿನ ಹೊಳೆ ಹರಿಯೋವಾಗ ಪಕ್ಕದಾಗೆ ಹರಿದ ಸಣ್ಣ ಹಳ್ಳ ಅದು. ಮೇಷ್ಟ್ರು ಮದುವೆಗೆ ಬಂದ್ರೆ ಜುಬ್ಬದೊಳಗೆ ಪ್ಲೇಟು ಇಟ್ಕಂಡು ಬರೋರು. ಊಟದ ಹೊತ್ತಿಗೆ, ಎಲ್ಲಾರ ಗಮನ ಎಲೆ ಮೇಲೆ ಇರ್ತಿತ್ತಲ್ಲ, ಆವಾಗ ಮೆಲ್ಲಗೆ ಸಾಬರ ಕೈಗೆ ಕೊಡೋರು. ಸಾಬರು ಹಾಕೋರು. ಒಂದು ಹಾಡು ಮುಗಿಯೋದ್ರೊಳಗೆ ಯಾರಾದ್ರೂ ಹುಡುಗರು ಬಂದು "ಸಾಬ್ರೇ, ಇದೇನ್ರಿ ಸ್ಕೂಲ್ ಹಾಡು, ರಾಜ್‌ಕುಮಾರಂದು ಹಾಕ್ರಿ" ಅನ್ನೋರು. ಸಾಬರು ಹೂಂ ಅನ್ನೋರು, ಪ್ಲೇಟು ಮಾತ್ರ ಪೂರ್ತಿ ಆಗಾಕೆ ಬಿಡೋರು. ಅಂಥಾ ಹಾಡಿಗೆ ಆಮೇಲೆ ಭಾವಗೀತೆ ಅಂತ ದೊಡ್ಡ ಹೆಸರು ಬಂತು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ನಮ್ಮ ಶಿವಮೊಗ್ಗ ಸುಬ್ಬಣ್ಣ ಅದನ್ನ ಮನೆಮನೆಗೆ ತಂದ್ರು. ನನಗೆ ಅದರ ರುಚಿ ಹತ್ತಿದ್ದು ಅನ್ನ ಸಾರಿನ ಮಧ್ಯೆ.

ನಮ್ಮ ಅಕ್ಕನ ಮಗ ಬೆಂಗಳೂರಿನಾಗೆ ಸಾಫ್ಟ್‌ವೇರ್ ಕೆಲಸದಾಗೆ ಅದಾನೆ. ಅವನಿಗೂ ಪ್ಲೇಟಿನ ಹುಚ್ಚು, ಅವನದು ಇಂಗ್ಲಿಷ್ ಬ್ಯಾಂಡಿಂದು. ಈ ಕಾಳಿಂಗರಾಯರ ಕಥೆ ಹೇಳಿದ್ದಕ್ಕೆ "ಮಾಮ, ನಮ್ಮದೂ ಇದೇ ಕಥೆ" ಅಂದ. ದೊಡ್ಡ ಕಂಪನಿ ಕಣ್ಣೆತ್ತಿ ನೋಡದ ಹುಡುಗರು ತಾವೇ ದುಡ್ಡು ಕೂಡಿಸಿ ಸಣ್ಣ ಪ್ಲೇಟು ತಂದ್ರಂತೆ. ಇಂಗ್ಲೆಂಡಿನ ಬಜ್‌ಕಾಕ್ಸ್ ಅನ್ನೋರು 1977ರಲ್ಲಿ ಹಂಗೆ ತಂದದ್ದು. ಅಮೆರಿಕಾದ ಸಿಯಾಟಲ್ ಊರಿನಾಗೆ ಸಬ್ ಪಾಪ್ ಅನ್ನೋ ಸಣ್ಣ ಕಂಪನಿ 1988ರಲ್ಲಿ ನಿರ್ವಾಣ ಅನ್ನೋ ಬ್ಯಾಂಡಿನ ಮೊದಲ ಪ್ಲೇಟು ತಂದಾಗ ಒಂದು ಸಾವಿರವೇ ಮಾಡಿ, ಒಂದೊಂದರ ಮೇಲೂ ಕೈಯಾಗೆ ನಂಬರು ಬರೆದಿದ್ರಂತೆ. ಈಗ ಅದಕ್ಕೆ ಲಕ್ಷಗಟ್ಲೆ ಬೆಲೆ ಅಂದ. ನಾನು ಸಾಬರ ಹಳದಿ ನಂಬರು ನೆನೆಸ್ಕಂಡು ನಕ್ಕೆ. ಅವನು ತನ್ನ ಪ್ಲೇಟುಗಳನ್ನ ಪ್ಲಾಸ್ಟಿಕ್ ಚೀಲದಾಗೆ ಹಾಕಿ ಇಟ್ಟಾನೆ, ಕೆಲವನ್ನ ಒಂದು ಸಲಾನೂ ಹಾಕಿಲ್ಲ. ಗೀರು ಬಿದ್ರೆ ಬೆಲೆ ಹೋಗುತ್ತಂತೆ. ಸಾಬರ ಪ್ಲೇಟು ಅವನ ಸಂತೆಯಾಗೆ ಮೂರು ಕಾಸಿಗೂ ಹೋಗ್ತಿರಲಿಲ್ಲ. ಒಂದೊಂದು ಸಾವಿರ ಸಲ ತಿರುಗಿ ಬೆಳ್ಳಗಾಗಿದ್ವು.

ನಾನು ಯಾಕೆ ಇದನ್ನ ಕೂಡಿಸ್ತಿದೀನಿ ಅಂತ ಈಗ ಹೇಳ್ಬೇಕು. ಇಷ್ಟು ಹೊತ್ತು ಸುತ್ತು ಹೊಡೆದದ್ದು ಅದಕ್ಕೇ.

ಎಂಬತ್ತರ ದಶಕಕ್ಕೆ ಕ್ಯಾಸೆಟ್ಟು ಬಂತು. 1978ರಲ್ಲಿ ಅನಂತಸ್ವಾಮಿಯವರ 'ನಿತ್ಯೋತ್ಸವ' ಬಂದಿತ್ತು, ನಿಸಾರ್ ಅಹಮದ್ ಅವರ ಕವಿತೆಗಳದು, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟು ಅಂತ ಹೆಸರಾದದ್ದು. ಅದಾಗಿ ಐದಾರು ವರ್ಷಕ್ಕೆ ಭದ್ರಾವತಿ, ಚನ್ನಗಿರಿ ಬಸ್‌ಸ್ಟ್ಯಾಂಡಿನಾಗೆಲ್ಲ ಕ್ಯಾಸೆಟ್ ಅಂಗಡಿ. ಬೇಕಾದ ಹತ್ತು ಹಾಡು ಬರೆದು ಕೊಟ್ರೆ ತುಂಬಿಸಿ ಕೊಡೋರು. ಮದುವೆ ಮನೆಯೋರು "ಪ್ಲೇಟಾದ್ರೆ ಬ್ಯಾಡ, ಟೇಪ್ ಐತೇನ್ರಿ?" ಅಂತ ಕೇಳಾಕೆ ಶುರು ಮಾಡಿದ್ರು. ಸಾಬರು ಟೇಪಿನ ಸೆಟ್ಟು ತರಬೇಕಾಯ್ತು. 1983ರಲ್ಲಿ ನಮ್ಮಪ್ಪನ ಹತ್ರ 600 ರೂಪಾಯಿ ಸಾಲ ತಗಂಡು, ಅಡವಿಗೆ ಅಂತ ಪ್ಲೇಟಿನ ಟ್ರಂಕು ತಂದಿಟ್ರು. ನಮ್ಮಪ್ಪ ಬ್ಯಾಡ ಅಂದ್ನಂತೆ, ಸಾಬರು ಕೇಳಲಿಲ್ಲ. "ಗೌಡ್ರೇ, ಕೈಬರಿ ಸಾಲ ನಾನು ತಗಳಲ್ಲ" ಅಂದ್ರು. ಟ್ರಂಕಿನಾಗೆ 112 ಪ್ಲೇಟು, ಮೇಲೆ ಆ ಲೆಕ್ಕದ ಪುಸ್ತಕ.

ನಮ್ಮಪ್ಪ ಅದನ್ನ ಅಟ್ಟಕ್ಕೆ ಏರಿಸ್ದ. ಅಟ್ಟದ ಕೆಳಗೆ ಏನಿತ್ತು ಅಂದ್ರೆ ಅಡಿಕೆ ಬೇಯಿಸೋ ಒಲೆ. ಸುಗ್ಗಿಯಾಗೆ ಹಂಡೆ ಇಳಿಸೋದೇ ಇಲ್ಲ, ಹಗಲೂ ರಾತ್ರಿ ಉರಿ. ಚೊಗರಿನ ಹಬೆ ಎಲ್ಲಾ ಮೇಲಕ್ಕೇ ಹೋಗ್ತಿತ್ತು. ನಾನು ಹೇಳಿದ್ನಲ್ಲ, ವಿನೈಲು ಕಾದ್ರೆ ಸೊಟ್ಟಗಾಗುತ್ತೆ ಅಂತ.

ಅದು ಅಪ್ಪನ ಪಾಲಿನ ತಪ್ಪು, ಅವನಿಗೆ ಗೊತ್ತಿಲ್ದೆ ಆದದ್ದು. ನನ್ನ ಪಾಲಿಂದು ಗೊತ್ತಿದ್ದೂ ಮಾಡಿದ್ದು. ಏಳನೇ ಕ್ಲಾಸಿನಾಗಿದ್ದೆ. ಬೇಸಿಗೆ ರಜಾ. ಅಟ್ಟ ಹತ್ತಿ ಟ್ರಂಕು ತೆಗೆದು ನೋಡಿದ್ರೆ ಮೇಲಿನ ನಾಕೈದು ಪ್ಲೇಟು ಹಪ್ಪಳದಂಗೆ ಆಗಿದ್ವು. ಹೆಂಗೂ ಕೆಟ್ಟಾವೆ ಅಂತ ಅವನ್ನ ತಗಂಡು ಕೆರೆ ಅಂಗಳಕ್ಕೆ ಹೋದ್ವಿ, ನಾನು, ಚಿಕ್ಕಪ್ಪನ ಮಕ್ಕಳು ಇಬ್ಬರು. ಅಡ್ಡ ಹಿಡಿದು ಬೀಸಿ ಒಗೆದ್ರೆ ಹದ್ದಿನಂಗೆ ತೇಲಿ ಹೋಗ್ತಿದ್ವು. ಸೊಟ್ಟಗಿದ್ದವು ಮುಗಿದ ಮೇಲೆ ನೆಟ್ಟಗಿದ್ದವನ್ನ ತಂದ್ವಿ. ನೆಟ್ಟಗಿದ್ದವು ಇನ್ನೂ ದೂರ ಹೋಗ್ತಿದ್ವು. ಆ ರಜಾ ಪೂರ್ತಿ ಇದೇ ಆಟ. ಚೀಟಿ ಮೇಲಿನ ಹಳದಿ ನಂಬರು ಗಾಳಿಯಾಗೆ ತಿರುಗೋದು ಈಗಲೂ ಕಣ್ಣಿಗೆ ಕಟ್ಟಿದಂಗೈತೆ. 'ದೇ' ಅಂತ ಬರೆದಿದ್ದ ಗಣೇಶನ ಪ್ಲೇಟು ಒಗೆಯಾಕೆ ಮಾತ್ರ ಹೆದರಿ ವಾಪಸ್ ಇಟ್ಟೆ. ಅಷ್ಟು ಬುದ್ಧಿ ಇತ್ತು ಅಂದ್ರೆ ಉಳಿದದ್ದಕ್ಕೆ ಏನು ಹೇಳ್ಬೇಕು.

1986ರಲ್ಲಿ ಸಾಬರು 600 ರೂಪಾಯಿ ಹಿಡ್ಕಂಡು ಬಂದ್ರು. ಮೂರು ವರ್ಷಕ್ಕೆ ಬಡ್ಡಿ ಎಷ್ಟು ಅಂತ ಕೇಳಿದ್ರು, ನಮ್ಮಪ್ಪ ಬಡ್ಡಿ ಬ್ಯಾಡ ಅಂದ. ಟ್ರಂಕು ಇಳಿಸಿ ತೆಗೆದ್ರು. ನಾನು ಬಾಗಿಲ ಸಂದಿಯಾಗೆ ನಿಂತಿದ್ದೆ. ಸಾಬರು ಒಂದೊಂದೇ ತೆಗೆದು, ಬೆಳಕಿಗೆ ಹಿಡಿದು, ಎರಡು ಗುಂಪು ಮಾಡಿ ಇಟ್ರು. ಚಲೋ ಇದ್ದವು ನಲವತ್ತರ ಹತ್ರ ಇದ್ವು. ನಮ್ಮಪ್ಪನ ಮುಖ ನೋಡಂಗಿರಲಿಲ್ಲ. "ಇಲಿ ಕಾಟ ಸಾಬ್ರೇ" ಅಂದ. ಇಲಿ ಪ್ಲೇಟನ್ನ ಎತ್ಕಂಡು ಹೋಗಲ್ಲ ಅಂತ ಮೂರು ಜನಕ್ಕೂ ಗೊತ್ತಿತ್ತು. ಸಾಬರು ಪುಸ್ತಕ ತೆಗೆದು ಎರಡು ಪುಟ ತಿರುಗಿಸಿ ಮುಚ್ಚಿದ್ರು. ಬಾಗಿಲ ಕಡೆ ನೋಡಿ, "ಹುಡುಗ ದೊಡ್ಡವನಾದ" ಅಂದ್ರು. ಟ್ರಂಕು ಸೈಕಲ್ಲಿಗೆ ಕಟ್ಟಿಕೊಂಡು ಹೋದ್ರು. ಆಮೇಲೆ ನಮ್ಮ ಅಕ್ಕನ ಮದುವೆಗೆ ಅವರೇ ಮೈಕ್‌ಸೆಟ್ ತಂದ್ರು, ಟೇಪಿಂದು. ಯಾವತ್ತೂ ಆ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ರೆ ನಾನು ಅವತ್ತೇ ಮರೀತಿದ್ದೆನೇನೋ.

2000ದ ಶಬ್ದ ಮಾಲಿನ್ಯದ ನಿಯಮ ಬಂದು ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಲೌಡ್‌ಸ್ಪೀಕರು ಹಾಕಂಗಿಲ್ಲ ಅಂತ ಆಯ್ತು. ಕಲ್ಯಾಣಮಂಟಪ ಬಂದ್ವು, ಮದುವೆ ಊರು ಬಿಟ್ಟು ಹೋಯ್ತು. ಸಾಬರು ಕೊನೆಗೆ ಅಡಿಕೆ ಗೋಡೌನಿನ ಕಾವಲಿಗೆ ಹೋಗ್ತಿದ್ರು. 2016ರಲ್ಲಿ ತೀರಿಕೊಂಡ್ರು. ಮರುವರ್ಷ ನಾನು ಅವರ ಮನೆಗೆ ಹೋಗಿ, ಮಗನ ಮುಂದೆ ಕೂತು ಈ ಕೆರೆ ಅಂಗಳದ ಕಥೆ ಹೇಳಿದೆ. ಅವನು ನನಗಿಂತ ಸಣ್ಣವನು, ಎಲೆಕ್ಟ್ರಿಕ್ ಕೆಲಸ ಮಾಡ್ತಾನೆ. ನಕ್ಕುಬಿಟ್ಟ. "ಅಬ್ಬಾಗೆ ಗೊತ್ತಿತ್ತು ಅಣ್ಣ, ಕೆರೆಗೆ ದನ ಹೊಡ್ಕಂಡು ಹೋದೋರು ತಂದು ಕೊಟ್ಟಿದ್ರು ಎರಡನ್ನ" ಅಂದ. ಉಳಿದಿದ್ದ ನಲವತ್ತು ಪ್ಲೇಟು ಎಲ್ಲಿ ಅಂದ್ರೆ, ಯಾವಾಗಲೋ ಗುಜರಿಗೆ ಹೋಗಿದ್ವು. ಪುಸ್ತಕ ಮಾತ್ರ ಇತ್ತು. ನಾನು ಬಾಯಿ ಬಿಟ್ಟು ಕೇಳಲಿಲ್ಲ, ಅವನೇ ತಂದು ಕೈಗಿಟ್ಟ.

ಅವತ್ತಿಂದ ಹುಡುಕ್ತಾ ಇದೀನಿ. ಬೆಂಗಳೂರಿಗೆ ಹೋದ್ರೆ ಚಿಕ್ಕಪೇಟೆ ಕಡೆ ಭಾನುವಾರದ ಸಂತೆ, ಒಂದು ಸಲ ಮುಂಬೈಗೆ ಹೋದಾಗ ಚೋರ್ ಬಜಾರು. ಹಿಂದಿ ಪ್ಲೇಟು ರಾಶಿಗಟ್ಲೆ, ಕನ್ನಡದ್ದು ಕೆಳಗೆಲ್ಲೋ ಒಂದೆರಡು. 150ಕ್ಕೂ ತಗಂಡಿದೀನಿ, 900ಕ್ಕೂ ತಗಂಡಿದೀನಿ. 'ಎರಡು ಕನಸು' ಮೂರು ವರ್ಷ ಸಿಗಲಿಲ್ಲ, ಆಮೇಲೆ ಒಂದೇ ತಿಂಗಳಿನಾಗೆ ಎರಡು ಸಿಕ್ವು. ಗೀರು ಇಲ್ಲದ್ದೇ ಬೇಕು ಅಂತ ನಾನು ನೋಡಲ್ಲ. ಬಹುಶಃ ಗೀರಿರೋದೇ ನಮ್ಮೂರಿಂದರಂಗೆ ಕೇಳುತ್ತೆ. ತಂದ ಮೇಲೆ ಹೊರಗಿನ ಕವರ್ ಮೇಲೆ ಪೆನ್ಸಿಲಿನಾಗೆ ಸಾಬರ ನಂಬರು ಬರೀತೀನಿ. ಚೀಟಿ ಮೇಲೆ ಬಣ್ಣ ಹಚ್ಚಬ್ಯಾಡ ಮಾಮ ಅಂತ ಅಕ್ಕನ ಮಗ ಆಣೆ ಹಾಕಿಸ್ಕಂಡಾನೆ. 41, 42ನೇ ಸಾಲು ಗೆದ್ದಲು ತಿಂದಾವೆ, ಅವು ಯಾವು ಅಂತ ತಿಳಿಯೋ ದಾರಿ ಇಲ್ಲ. ಹಂಗಾಗಿ ಲೆಕ್ಕಕ್ಕೆ 112 ಆದ್ರೂ 110ಕ್ಕೇ ನಿಲ್ಲಬೇಕಾಗುತ್ತೆ, ನಮ್ಮನೆಯಾಕೆಗೆ ಇನ್ನೂ ಹೇಳಿಲ್ಲ.

ಹೋದ ಕಾರ್ತಿಕದಾಗೆ ಹಳೇ ರೆಕಾರ್ಡ್ ಪ್ಲೇಯರು, ಇಪ್ಪತ್ತು ಪ್ಲೇಟು ಕಾರಿಗೆ ಹಾಕ್ಕೊಂಡು ಸಾಬರ ಮನೆಗೆ ಹೋಗಿದ್ದೆ. ಅವರ ಹೆಂಡ್ತಿ ಅದಾರೆ, ಕಣ್ಣು ಮಂಜು, ಕಿವಿ ಚಲೋ ಐತೆ. ಅವರಿಗೆ ಇಷ್ಟವಾದದ್ದು ಹಾಕನ ಅಂತ "ಯಾವುದು ಹಾಕ್ಲಿ?" ಅಂದೆ. "ನನಗೇನು ಗೊತ್ತಪ್ಪಾ, ನಮ್ಮನೇಲಿ ಒಂದು ದಿನಾನೂ ಹಾಕ್ಲಿಲ್ಲ" ಅಂದ್ರು. ನನಗೆ ಹೊಳೆದೇ ಇರಲಿಲ್ಲ. ಸೆಟ್ಟು ಬಾಡಿಗೆಗೆ ಹೋಗ್ದೆ ಇರೋ ದಿನ ಬ್ಯಾಟರಿ ಉಳಿಸ್ಬೇಕು, ಮುಳ್ಳು ಸವೀತೈತೆ ಅಂತ ಟ್ರಂಕು ಮುಚ್ಚೇ ಇರ್ತಿತ್ತಂತೆ. ಅವರ ಮದುವೆಗೂ ಮೈಕ್‌ಸೆಟ್ ಇರಲಿಲ್ಲ, ಆವಾಗಿನ್ನೂ ತಂದಿರಲಿಲ್ಲ.

ಬಿಡಾಡಿಯಾಗಿ ನಾಕು ಪ್ಲೇಟು ಹಾಕಿದೆ. ಮಗ, ಸೊಸೆ, ಮೊಮ್ಮಕ್ಕಳು ಕೇಳಿದ್ರು. ಅಜ್ಜಿ ಸುಮ್ಮನೆ ಕೂತಿದ್ರು. ಆಮೇಲೆ ಹೇಳಿದ್ರು, "ಒಂದು ಹಾಡಿತ್ತು. ಯಾವ ಊರಿಗೆ ಹೋಗಿರ್ಲಿ, ಹತ್ತಿರದ್ದಾದ್ರೆ ರಾತ್ರಿ ಕೊನೆಗೆ ಅದನ್ನೇ ಹಾಕೋರು. ಅದು ಕೇಳಿಸ್ತು ಅಂದ್ರೆ ಇನ್ನು ವೈರು ಸುತ್ತಿ ಬರ್ತಾರೆ ಅಂತ ನಾನು ಎದ್ದು ಒಲೆ ಹಚ್ಚಿ ರೊಟ್ಟಿ ಹಂಚು ಇಡ್ತಿದ್ದೆ." ಯಾವ ಹಾಡು ಅಂದೆ. ಸಿನಿಮಾ ಗೊತ್ತಿಲ್ಲ, ಮಾತು ಗೊತ್ತಿಲ್ಲ. ಗಾಳಿಯಾಗೆ ಬರ್ತಿದ್ದದ್ದು, ಮಾತು ಎಲ್ಲಿ ತಿಳೀಬೇಕು. ರಾಗ ಮಾತ್ರ ಹೇಳಿದ್ರು, ಬಾಯಿ ಮುಚ್ಚಿಕೊಂಡೇ, ಎರಡು ಸಾಲಿನಷ್ಟು.

ಪುಸ್ತಕ ತೆಗೆದು ನೋಡಿದೆ. ದೇ, ಮ, ನಾ, ಅಡ್ಡ ಗೀಟು. ಕೊನೇದು ಅಂತ ಯಾವುದಕ್ಕೂ ಗುರುತು ಹಾಕಿಲ್ಲ. ಅಜ್ಜಿಯ ರಾಗವನ್ನ ಫೋನಿನಾಗೆ ಹಿಡ್ಕಂಡು ಬಂದೀನಿ. ಇರೋ 71ರಾಗೆ ಅದು ಇಲ್ಲ, ಒಂದೊಂದೇ ಹಾಕಿ ನೋಡಿ ಆಯ್ತು. ಉಳಿದವು ಸಿಕ್ಕಂಗೆ ಸಿಕ್ಕಂಗೆ ಹಾಕಿ ನೋಡ್ಬೇಕು. 41, 42ರಾಗೆ ಇರದಿದ್ರೆ ಸಾಕು.